ಬಾವಿ ಈಜು ಬಂದವರಿಗೆ ಸಮುದ್ರದ ಪಾಠ: ಮೊದಲ ಸಲ ಸ್ಕೂಬಾಗೆ ಹೊರಟವರು ಓದಿ

ಗಂಗಾವತಿ ಕಡೆಯ ನಮ್ಮಂಥವರಿಗೆ ಈಜು ಕಲಿಸಿದ್ದು ಹೊಲದ ಬಾವಿ. ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿ ಮೇಲಿಂದ ನೂಕಿದವರು ಯಾರೋ ಕಾಕಾ, ಯಾರೋ ಮಾವ. ಕೈಕಾಲು ಬಡಿಯೋದು ಬಂತು ಅಂದರೆ ಮುಂದಿನ ಆಟ ಒಂದೇ: ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ? ಎದೆ ತುಂಬ ಉಸಿರು ಎಳೆದು, ಬಿಗಿ ಹಿಡಿದು, ತಳ ಮುಟ್ಟಿ ಬರಬೇಕು. ಮುಷ್ಟಿಯಲ್ಲಿ ಕೆಸರು ತಂದು ತೋರಿಸಿದವನೇ ಗೆದ್ದ. ನಾನೂ ಹಾಗೆ ಕಲಿತವನೇ.

ಮುರುಡೇಶ್ವರದಲ್ಲಿ ಮೊದಲ ಸಲ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡಾಗ ಗೊತ್ತಾಯಿತು, ಬಾವಿ ಕಲಿಸಿದ ಆ ಅಭ್ಯಾಸವೇ ಸಮುದ್ರದಡಿ ದೊಡ್ಡ ಅಪಾಯ ಅಂತ. ಸ್ಕೂಬಾದಲ್ಲಿ ಉಸಿರು ಬಿಗಿ ಹಿಡಿಯುವ ಹಾಗೇ ಇಲ್ಲ. ಒಂದು ಕ್ಷಣವೂ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಈಗ ಗುಂಪು ಗುಂಪಾಗಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ. ಶುಕ್ರವಾರ ರಾತ್ರಿ ಗಾಡಿ ಹತ್ತುವುದು, ಶನಿವಾರ ಬೆಳಿಗ್ಗೆ ಡೈವ್, ಸಂಜೆಗೆ ವಾಪಸ್ಸು. ಈ ಲೆಕ್ಕದಲ್ಲಿ ಎರಡು ತಪ್ಪಿವೆ. ಹೋಗುವಾಗ ನಿದ್ದೆ ಇಲ್ಲ, ಬರುವಾಗ ಘಟ್ಟ ಇದೆ. ಎರಡನೆಯದನ್ನು ನಮ್ಮ ಕಡೆ ಯಾರೂ ಯೋಚನೆಯೇ ಮಾಡುವುದಿಲ್ಲ. ಅದಕ್ಕೇ ಈ ಬರಹ.

ಹೊರಡುವ ಒಂದು ತಿಂಗಳು ಮೊದಲು

ಡೈವ್ ಮಾಡಿಸುವವರು ಒಂದು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಮುಕ್ಕಾಲು ಪಾಲು ಜನ ಅದನ್ನು ಓದದೇ ಎಲ್ಲದಕ್ಕೂ 'ಇಲ್ಲ' ಅಂತ ಗೀಚಿ ಸಹಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಮ್ಮು, ಹೃದಯದ ತೊಂದರೆ, ಫಿಟ್ಸ್, ಬಿ.ಪಿ., ಸಕ್ಕರೆ ಕಾಯಿಲೆ, ಕಿವಿ ಸೋರುವುದು, ಕಿವಿಯ ಆಪರೇಷನ್, ಇತ್ತೀಚೆಗೆ ಆದ ಯಾವುದೇ ದೊಡ್ಡ ಆಪರೇಷನ್, ಇವುಗಳಲ್ಲಿ ಒಂದಿದ್ದರೂ ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿ, ಬರೆಸಿಕೊಂಡು ಹೋಗಿ. ದೋಣಿಯಲ್ಲಿ ಕೂತು ಕೇಳುವ ಪ್ರಶ್ನೆ ಅಲ್ಲ ಇದು. ಬಸುರಿಯರು ಸ್ಕೂಬಾ ಮಾಡಲೇಬಾರದು. ಮಕ್ಕಳಿಗೆ ಕನಿಷ್ಠ 10 ವರ್ಷ ಆಗಿರಬೇಕು.

ಮೂಗು, ಕಿವಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಳ್ಳಾರಿಯ ಧೂಳಿಗೆ ಸೈನಸ್ ಇಲ್ಲದ ಮನೆಯೇ ಅಪರೂಪ, ಅಲ್ವಾ? ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಗಾಳಿಗೆ ದಾರಿ ಇರುವುದಿಲ್ಲ. ನನ್ನ ಚಿಕ್ಕಪ್ಪನ ಮಗ ನೆಗಡಿ ಇಟ್ಟುಕೊಂಡೇ ಇಳಿದ. ದುಡ್ಡು ಕಟ್ಟಿ ಆಗಿದೆ, ಅಷ್ಟು ದೂರ ಬಂದಾಗಿದೆ, ಬಿಡಲು ಮನಸ್ಸಿಲ್ಲ. ಮೂರು ಮೀಟರ್ ಆಳದಲ್ಲೇ ಕಿವಿಗೆ ದಬ್ಬಣ ಚುಚ್ಚಿದ ಹಾಗೆ ನೋವು. ತಡೆದುಕೊಂಡರೆ ಹೋಗುತ್ತೆ ಅಂತ ಇನ್ನೂ ಇಳಿದ. ಮೇಲೆ ಬಂದು ಮಾಸ್ಕ್ ತೆಗೆದರೆ ಒಳಗೆ ರಕ್ತ. ಎರಡು ವಾರ ಅವನಿಗೆ ಕೊಡದೊಳಗೆ ತಲೆ ಇಟ್ಟ ಹಾಗೆ ಕೇಳಿಸುತ್ತಿತ್ತು. ನೆಗಡಿ ಇದ್ದರೆ ಡೈವ್ ಮುಂದಕ್ಕೆ ಹಾಕಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವುದೂ ಬೇಡ. ನೀರೊಳಗೆ ಅದರ ಶಕ್ತಿ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಊರಲ್ಲೇ ಮಾಡುವ ತಯಾರಿ

ಮೊದಲ ಸಲದ ಪರಿಚಯ ಡೈವ್‌ಗೆ ಈಜು ಬರಲೇಬೇಕು ಅಂತ ಇಲ್ಲ. ಬೋಧಕರು ಕೈ ಹಿಡಿದೇ ಇರುತ್ತಾರೆ. ಆದರೆ ಮುಖಕ್ಕೆ ನೀರು ತಾಗಿದರೆ ಗಾಬರಿ ಆಗುವವರು ಒಂದೆರಡು ವಾರ ಈಜುಕೊಳಕ್ಕೆ ಹೋಗಿ ಬನ್ನಿ. ಕಾಲುವೆಗೆ ಬೇಡ. ಎಡದಂಡೆ ನಾಲೆಯ ಕಾಂಕ್ರೀಟ್ ಗೋಡೆಗೆ ಪಾಚಿ ಹಿಡಿದಿರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ನೀರಿನ ಸೆಳೆತ ಮೇಲೆ ಕಾಣುವುದಕ್ಕಿಂತ ಜೋರಾಗಿರುತ್ತದೆ.

ಮನೆಯಲ್ಲಿ ಎರಡು ಅಭ್ಯಾಸ ಮಾಡಿ. ಒಂದು, ಬಾಯಲ್ಲೇ ಉಸಿರಾಡುವುದು. ಸ್ಕೂಬಾ ಮಾಸ್ಕ್ ಮೂಗನ್ನೂ ಮುಚ್ಚಿಬಿಡುತ್ತದೆ. ಗಾಳಿ ಬರುವುದು ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್‌ನಿಂದ ಮಾತ್ರ. ಒಂದು ಸ್ನಾರ್ಕೆಲ್, ಅಂದರೆ ನೀರ ಮೇಲಿನ ಗಾಳಿ ಎಳೆಯುವ ಕೊಳವೆ, ಸಿಕ್ಕರೆ ಅದನ್ನು ಬಾಯಿಗಿಟ್ಟು, ಬಕೆಟ್ ನೀರಲ್ಲಿ ಮುಖ ಅದ್ದಿ, ಐದು ನಿಮಿಷ ನಿಧಾನವಾಗಿ ಉಸಿರಾಡಿ. ಪಕ್ಕದಲ್ಲಿ ಯಾರಾದರೂ ಇರಲಿ. ಮೊದಲ ದಿನ ಮೂಗು ತಾನಾಗಿಯೇ ನೀರು ಎಳೆಯಲು ನೋಡುತ್ತದೆ. ಮೂರನೇ ದಿನಕ್ಕೆ ರೂಢಿ ಆಗುತ್ತದೆ.

ಎರಡು, ಕಿವಿ ಬಿಡಿಸುವುದು. ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಮೂಗಿನಿಂದ ಊದಿ. ಎರಡೂ ಕಿವಿಯಲ್ಲಿ 'ಟಕ್' ಅನ್ನಬೇಕು. ಜೋರಾಗಿ ಊದಬೇಡಿ. ಒಂದು ಕಿವಿ ಸದ್ದು ಮಾಡದಿದ್ದರೆ ಉಗುಳು ನುಂಗಿ, ದವಡೆ ಆಡಿಸಿ, ಮತ್ತೆ ನೋಡಿ. ದಿನಕ್ಕೆ ನಾಲ್ಕೈದು ಸಲ ಸಾಕು.

ದಪ್ಪ ಮೀಸೆ ಇರುವವರಿಗೆ ಒಂದು ಮಾತು. ಮಾಸ್ಕ್‌ನ ರಬ್ಬರ್ ಅಂಚು ಮೂಗಿನ ಕೆಳಗೆ ಚರ್ಮಕ್ಕೆ ಕೂರಬೇಕು. ಅಲ್ಲಿ ಕೂದಲಿದ್ದರೆ ನೀರು ಜಿನುಗುತ್ತದೆ. ಮೀಸೆ ಪೂರ್ತಿ ತೆಗೆಯಬೇಕಿಲ್ಲ, ಮೂಗಿಗೆ ತಾಗುವ ಒಂದು ಎಳೆ ಅಗಲ ಕತ್ತರಿಸಿಕೊಂಡರೆ ಆಯಿತು. ಹೆಣ್ಣುಮಕ್ಕಳು ಜಡೆಯನ್ನು ಕುತ್ತಿಗೆ ಹತ್ತಿರ ಕೆಳಗೆ ಕಟ್ಟಿ, ಮುಂಗೂದಲು ಮಾಸ್ಕ್ ಒಳಗೆ ಸಿಗದ ಹಾಗೆ ನೋಡಿಕೊಳ್ಳಿ. ಗೆಜ್ಜೆ, ಉಂಗುರ, ಸರ ರೂಮಿನಲ್ಲೇ ಇರಲಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಸಿಗುತ್ತದಾ ಅಂತ ಮೊದಲೇ ಕೇಳಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೂ ಇಳಿಯಬಹುದು.

ಯಾರ ಜೊತೆ ಇಳಿಯುವುದು

ಕಡಿಮೆ ರೇಟು ಹೇಳಿದವರ ಹತ್ತಿರ ಹೋಗುವುದು ನಮ್ಮ ರೂಢಿ. ಇಲ್ಲಿ ಅದನ್ನು ಪಕ್ಕಕ್ಕಿಡಿ. ಫೋನಿನಲ್ಲಿ ಇಷ್ಟು ಕೇಳಿ: ಬೋಧಕರಿಗೆ ಪಾಡಿ ಅಥವಾ ಎಸ್‌ಎಸ್‌ಐ ತರಹದ ಡೈವಿಂಗ್ ತರಬೇತಿ ಸಂಸ್ಥೆಯ ಪ್ರಮಾಣಪತ್ರ ಇದೆಯಾ? ಹೊಸಬರಿಗೆ ಒಬ್ಬೊಬ್ಬರಿಗೆ ಒಬ್ಬ ಬೋಧಕರು ಇರುತ್ತಾರಾ? ಆಳಕ್ಕೆ ಹೋಗುವ ಮೊದಲು ಮೇಲ್ಮಟ್ಟದಲ್ಲಿ ಅಭ್ಯಾಸ ಮಾಡಿಸುತ್ತಾರಾ? ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರ್, ಲೈಫ್ ಜಾಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಯಾ? ನನಗೆ ಬೇಡ ಅನಿಸಿದರೆ ಅರ್ಧಕ್ಕೆ ಮೇಲೆ ಬರಬಹುದಾ? ಕೊನೆಯ ಪ್ರಶ್ನೆಗೆ ಅವರು ಹೇಗೆ ಉತ್ತರಿಸುತ್ತಾರೆ ಅನ್ನುವುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. 'ಏನೂ ಆಗಲ್ಲ ಬನ್ನಿ ಸರ್' ಅಂತ ಮಾತು ತೇಲಿಸಿದರೆ ಬೇರೆ ಕಡೆ ನೋಡಿ.

ಪರಿಚಯ ಡೈವ್‌ನ ಮಿತಿ 12 ಮೀಟರ್. ನಮ್ಮ ಲೆಕ್ಕದಲ್ಲಿ ಏಳಾಳು ನೀರು. ಬೇಕಾದಷ್ಟಾಯಿತು. ಇದೇ ಹುಚ್ಚು ಹಿಡಿದರೆ ಮುಂದೆ ಓಪನ್ ವಾಟರ್ ಕೋರ್ಸ್ ಮಾಡಬಹುದು. ಮೂರು ನಾಲ್ಕು ದಿನ ಹಿಡಿಯುತ್ತದೆ, ಪಾಠ, ಈಜುಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್. ಅದಕ್ಕೆ ಈಜು ಬರಲೇಬೇಕು. ಪಾಡಿ ಕೋರ್ಸಿನಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಪಾಸಾದರೆ 18 ಮೀಟರ್‌ವರೆಗೆ ಇಳಿಯಬಹುದು.

ಪ್ರಯಾಣ, ಊಟ, ದೋಣಿ

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ ಸೀಸನ್. ನಮ್ಮವರು ಬಿಸಿಲಿಗೆ ಬೆಂದು ಏಪ್ರಿಲ್, ಮೇನಲ್ಲಿ ಓಡುತ್ತಾರೆ. ಡಿಸೆಂಬರ್, ಜನವರಿ ನೋಡಿ, ನೀರು ಹೆಚ್ಚಾಗಿ ತಿಳಿಯಾಗಿರುತ್ತದೆ.

ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸಿ ಬೆಳಿಗ್ಗೆ ನೀರಿಗಿಳಿಯಬೇಡಿ. ಒಂದು ದಿನ ಮೊದಲೇ ಮುರುಡೇಶ್ವರ ಮುಟ್ಟಿ, ದೇವಸ್ಥಾನ ನೋಡಿ, ಹೊಟ್ಟೆ ತುಂಬ ಉಂಡು, ಬೇಗ ಮಲಗಿ. ಹಿಂದಿನ ರಾತ್ರಿ ಎಣ್ಣೆ ಪಾರ್ಟಿ ಬೇಡವೇ ಬೇಡ. ಬೆಳಿಗ್ಗೆ ಎರಡು ಇಡ್ಲಿಯೋ ಬಾಳೆಹಣ್ಣೋ ಸಾಕು. ಒಗ್ಗರಣೆ ಮಿರ್ಚಿ ಅವತ್ತೊಂದು ದಿನ ಬಿಡಿ. ಪೂರ್ತಿ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ವಾಂತಿ ಇನ್ನೂ ಜಾಸ್ತಿ ಆಗುತ್ತದೆ.

ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ. ಆನೆಗೊಂದಿಯ ಹರಿಗೋಲಿನಲ್ಲಿ ಕೂತು ಹೊಳೆ ದಾಟಿದವರಿಗೆ ದೋಣಿ ಹೊಸದಲ್ಲ. ಆದರೆ ಹರಿಗೋಲು ತಿರುಗುತ್ತದೆ, ಸಮುದ್ರದ ದೋಣಿ ಏರಿ ಇಳಿಯುತ್ತದೆ. ಹೊಟ್ಟೆಗೆ ಈ ಎರಡನೆಯದು ಸೇರುವುದಿಲ್ಲ. ವಾಂತಿಯ ಮಾತ್ರೆ ಬೇಕಾದವರು ಡಾಕ್ಟರನ್ನು ಕೇಳಿ ದೋಣಿ ಹತ್ತುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಿ. ಮಂಪರು ಬರಿಸದ ಮಾತ್ರೆ ಇರಲಿ. ದೋಣಿಯ ನಡುವೆ ಕೂತು ದೂರದ ಗೆರೆಯನ್ನೇ ನೋಡುತ್ತಿರಿ. ಮೊಬೈಲ್ ನೋಡಲು ತಲೆ ಬಗ್ಗಿಸಿದಿರೋ, ಮುಗಿಯಿತು.

ನೀರಿಗೆ ಬೀಳುವ ಮುನ್ನ

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ. ನಾವು ದಿನಾ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ತುಂಬಿದ ಸಿಲಿಂಡರಿನ ಗೇಜ್ ಸುಮಾರು 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತೋರಿಸುತ್ತದೆ. ಅದು 50ಕ್ಕೆ ಇಳಿಯುವ ಹೊತ್ತಿಗೆ ನೀವು ಮೇಲಿರಬೇಕು. ಮೈಗೆ ತೊಡಿಸುವ ಜಾಕೆಟ್‌ಗೆ ಬಿ.ಸಿ.ಡಿ. ಅನ್ನುತ್ತಾರೆ. ಗಾಳಿ ತುಂಬಿದರೆ ತೇಲಿಸುತ್ತದೆ, ಬಿಟ್ಟರೆ ಇಳಿಸುತ್ತದೆ. ಗುಂಡಿ ಒತ್ತುವುದು ಬೋಧಕರ ಕೆಲಸ, ನೀವು ಮುಟ್ಟಬೇಡಿ. ಆದರೆ ಸೊಂಟದ ತೂಕದ ಬೆಲ್ಟ್ ಹೇಗೆ ಬಿಚ್ಚುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ರೆಗ್ಯುಲೇಟರ್ ಬಾಯಿಗಿಟ್ಟು ದೋಣಿಯಲ್ಲೇ ಎರಡು ಮೂರು ಉಸಿರು ಎಳೆದು ನೋಡಿ. ಮಾಸ್ಕ್ ಒಳಗೆ ಸ್ವಲ್ಪ ಉಗುಳಿ, ಬೆರಳಿಂದ ಸವರಿ, ಒಮ್ಮೆ ನೀರಲ್ಲಿ ಅದ್ದಿ. ಮಂಜು ಕಟ್ಟುವುದಿಲ್ಲ.

ಸನ್ನೆಗಳನ್ನು ದೋಣಿಯಲ್ಲೇ ಬಾಯಿಪಾಠ ಮಾಡಿ. ಅದರಲ್ಲೂ ಹೆಬ್ಬೆರಳು. ಊರಲ್ಲಿ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತ ಅಲ್ವಾ? ನೀರೊಳಗೆ ಅದರ ಅರ್ಥ 'ಮೇಲೆ ಹೋಗೋಣ'. ಮೀನು ಕಂಡ ಖುಷಿಗೆ ಹೆಬ್ಬೆರಳು ತೋರಿಸಿ, ಬೋಧಕರು ಮೇಲೆ ಕರೆದುಕೊಂಡು ಬಂದ ಮೇಲೆ ಪೆಚ್ಚಾದವರನ್ನು ನೋಡಿದ್ದೇನೆ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ತೊಂದರೆ ಇದ್ದರೆ ಅಂಗೈ ಚಪ್ಪಟೆ ಮಾಡಿ ಅಲುಗಾಡಿಸಿ, ಆಮೇಲೆ ತೊಂದರೆ ಇರುವ ಜಾಗ ತೋರಿಸಿ. ಕಿವಿಯಾದರೆ ಕಿವಿ. ಕತ್ತಿನ ಮುಂದೆ ಕೈ ಅಡ್ಡ ಎಳೆದರೆ 'ಗಾಳಿ ಬರುತ್ತಿಲ್ಲ' ಅಂತ.

ಇಳಿಯುವಾಗ

ಮೊದಲ ಅರ್ಧ ನಿಮಿಷ ಎಲ್ಲರಿಗೂ ಗಾಬರಿ ಆಗುತ್ತದೆ. ನೀರು ಕಿವಿ ಮುಚ್ಚುತ್ತದೆ, ಹೊರಗಿನ ಸದ್ದೆಲ್ಲ ನಿಂತುಹೋಗುತ್ತದೆ. ನಿಮ್ಮ ಉಸಿರು ಮಾತ್ರ ಕೇಳಿಸುತ್ತದೆ: ಒಳಗೆ ಎಳೆದರೆ 'ಸ್ಸ್' ಅಂತ ಗಾಳಿ, ಬಿಟ್ಟರೆ ಕೆನ್ನೆ ಪಕ್ಕ ಗುಳುಗುಳು ಗುಳ್ಳೆ. ಆ ಸದ್ದನ್ನೇ ಹಿಡಿದುಕೊಳ್ಳಿ. ಎಳೆಯುವಾಗ ಮನಸ್ಸಲ್ಲೇ ನಾಲ್ಕು ಎಣಿಸಿ, ಬಿಡುವಾಗ ಆರು. ಹತ್ತು ಉಸಿರಿಗೆ ಎದೆಬಡಿತ ಹತೋಟಿಗೆ ಬರುತ್ತದೆ. ಬರದಿದ್ದರೆ ಹೆಬ್ಬೆರಳು ಮೇಲೆತ್ತಿ. ನಾಚಿಕೆ ಪಡುವ ವಿಷಯವೇ ಅಲ್ಲ ಅದು.

ಕಿವಿ ಬಿಡಿಸುವ ಕೆಲಸ ನೋವು ಬಂದ ಮೇಲೆ ಮಾಡುವುದಲ್ಲ, ಬರುವ ಮೊದಲೇ ಮಾಡುವುದು. ತಲೆ ಮುಳುಗಿದ ಕೂಡಲೇ ಒಂದು ಸಲ, ಆಮೇಲೆ ಪ್ರತಿ ಅರ್ಧ ಮೀಟರಿಗೆ ಒಂದು ಸಲ. ಮೊದಲ ಹತ್ತು ಮೀಟರಿನಲ್ಲೇ ಒತ್ತಡ ಎರಡು ಪಟ್ಟು ಆಗಿಬಿಡುತ್ತದೆ, ಆದ್ದರಿಂದ ಮೇಲಿನ ನೀರಿನಲ್ಲೇ ಕಿವಿಗೆ ಜಾಸ್ತಿ ಕೆಲಸ. ಬಿಡದಿದ್ದರೆ ನಿಲ್ಲಿ, ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ವಿಡಿಯೋ ತೆಗೆಯುವವರು ಆಗಲೇ ಕ್ಯಾಮೆರಾ ಹಿಡಿದು ಬರುತ್ತಾರೆ. ಪೋಸ್ ಕೊಡುವ ಭರಕ್ಕೆ ಕಿವಿ ಮರೆತುಹೋಗುತ್ತದೆ. ಮೊದಲ ಐದು ನಿಮಿಷ ಕ್ಯಾಮೆರಾ ಬೇಡ ಅಂತ ಮೊದಲೇ ಹೇಳಿಬಿಡಿ.

ಮಾಸ್ಕ್ ಒಳಗೆ ನೀರು ಬಂದರೆ ಕೀಳಬೇಡಿ. ಮೇಲಿನ ಅಂಚನ್ನು ಹಣೆಗೆ ಒತ್ತಿ, ಮುಖ ಸ್ವಲ್ಪ ಎತ್ತಿ, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿಂದ ಹೊರಗೆ ಹೋಗುತ್ತದೆ.

ಕೈ ಬಡಿಯುವುದನ್ನು ಬಿಡಿ. ಬಾವಿ ಈಜಿನ ಇನ್ನೊಂದು ಅಭ್ಯಾಸ ಅದು. ಇಲ್ಲಿ ಕೈ ಎದೆ ಮೇಲೆ ಕಟ್ಟಿಕೊಂಡರೂ ನಡೆಯುತ್ತದೆ. ಸೊಂಟದಿಂದ ಕಾಲು ಉದ್ದಕ್ಕೆ, ನಿಧಾನಕ್ಕೆ ಆಡಿಸಿದರೆ ಪಾದಕ್ಕೆ ಹಾಕಿದ ರೆಕ್ಕೆಯಂಥ ಫಿನ್ಸ್ ನಿಮ್ಮನ್ನು ಒಯ್ಯುತ್ತದೆ. ಕೈಕಾಲು ಬಡಿದಷ್ಟೂ ಗಾಳಿ ಬೇಗ ಖರ್ಚು.

ನಾನು ಮೊದಲ ಸಲ ಹತ್ತಿರದಿಂದ ಕಂಡದ್ದು ಒಂದು ಗಿಳಿ ಮೀನು. ಮೊಳಕೈ ಉದ್ದ, ಹಸಿರು ನೀಲಿ ಮೈ. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಬಂಡೆ ಕೆರೆಯುತ್ತಿತ್ತು, ಕರ್ ಕರ್ ಅನ್ನುವ ಸದ್ದು ನೀರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಕೈ ಚಾಚಬೇಕು ಅನಿಸಿತು. ಚಾಚಬಾರದು. ಹವಳ ಕಲ್ಲಿನಂತೆ ಕಂಡರೂ ಜೀವ ಇರುವಂಥದ್ದು, ಬೆಳೆಯುವುದು ಬಹಳ ನಿಧಾನ, ಒಂದು ಕಾಲು ತಾಗಿದರೆ ಮುರಿಯುತ್ತದೆ. ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಂಡೆಗೆ ಕೈ ಊರಿದರೆ ನಿಮಗೂ ಅಪಾಯ. ಸಂದಿನಲ್ಲಿ ಮುಳ್ಳಿನ ಉಂಡೆಯಂಥ ಕಡಲ ಜೀವಿಗಳು, ವಿಷದ ಮುಳ್ಳಿನ ಮೀನುಗಳು ಇರುತ್ತವೆ. ವಿಷಮೀನಿನ ಮುಳ್ಳು ಚುಚ್ಚಿದರೆ ಮೇಲೆ ಬಂದು, ಸುಡದ ಹಾಗೆ ತಡೆಯುವಷ್ಟು ಬಿಸಿ ನೀರಲ್ಲಿ ಆ ಭಾಗ ಅದ್ದಿ ಇಟ್ಟುಕೊಂಡು ಆಸ್ಪತ್ರೆಗೆ ಹೋಗಿ.

ಮೇಲೆ ಬರುವಾಗ

ಈಗ ಉಸಿರಿನ ಮಾತು. ಬಾವಿಯಲ್ಲಿ ನೀವು ಮೇಲಿಂದ ಒಯ್ದ ಗಾಳಿ, ಒತ್ತಡಕ್ಕೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಅದಕ್ಕೇ ಬಿಗಿ ಹಿಡಿದರೂ ಶ್ವಾಸಕೋಶ ಹರಿಯುವುದಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಹತ್ತು ಮೀಟರ್ ಕೆಳಗೆ ಸಿಲಿಂಡರಿನಿಂದ ಎದೆ ತುಂಬ ಎಳೆದ ಗಾಳಿ, ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿದ್ದರೆ ಅದು ಎಲ್ಲಿಗೆ ಹೋಗಬೇಕು? ಶ್ವಾಸಕೋಶ ಹರಿಯುತ್ತದೆ. ಎದೆಮಟ್ಟದ ನೀರಿನಷ್ಟು ಎತ್ತರ ಏರಿದರೂ ಈ ಅನಾಹುತ ಆಗಬಹುದು. ದಮ್ಮು ಇರುವವರಿಗೆ ಡಾಕ್ಟರ್ ಒಪ್ಪಿಗೆ ಬೇಕು ಅಂದದ್ದೂ ಇದಕ್ಕೇ, ಗಾಳಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರೆಗ್ಯುಲೇಟರ್ ಬಾಯಿಂದ ಜಾರಿದರೂ ಸಣ್ಣಗೆ 'ಆ' ಅನ್ನುತ್ತಾ ಗುಳ್ಳೆ ಬಿಡುತ್ತಿರಿ.

ಏರುವುದೂ ನಿಧಾನ. ನಿಮಿಷಕ್ಕೆ 9 ಮೀಟರಿಗಿಂತ ಜಾಸ್ತಿ ಬೇಡ. ನೀವು ಬಿಟ್ಟ ಸಣ್ಣ ಗುಳ್ಳೆಗಳಿಗಿಂತ ಮುಂದೆ ಹೋಗಬಾರದು. 5 ಮೀಟರ್ ಹತ್ತಿರ ಬೋಧಕರು 3 ನಿಮಿಷ ನಿಲ್ಲಿಸಿದರೆ ಸುಮ್ನೆ ನಿಲ್ಲಿ. ಕಾರಣ ಗೋಲಿ ಸೋಡಾದಲ್ಲಿದೆ. ಗೋಲಿ ಒತ್ತಿದ ತಕ್ಷಣ ಬುಸ್ ಅಂತ ಗುಳ್ಳೆ ಏಳುತ್ತದಲ್ಲ? ಮುಚ್ಚಿದಾಗ ಒತ್ತಡಕ್ಕೆ ನೀರಲ್ಲಿ ಕರಗಿದ್ದ ಗಾಳಿ ಅದು. ಆಳದಲ್ಲಿ ನಮ್ಮ ರಕ್ತದಲ್ಲೂ ನೈಟ್ರೋಜನ್ ಹಾಗೇ ಕರಗುತ್ತದೆ. ನಿಧಾನ ಬಂದರೆ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಸರ್ರನೆ ಬಂದರೆ ಮೈಯೊಳಗೇ ಗುಳ್ಳೆ ಕಟ್ಟುತ್ತದೆ.

ಘಟ್ಟ ಹತ್ತುವ ಮುನ್ನ

ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು ಅನ್ನುವುದು ಡೈವರ್‌ಗಳ ಸುರಕ್ಷತೆ ನೋಡುವ ಡ್ಯಾನ್ ಸಂಸ್ಥೆಯ ಸಲಹೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ರಕ್ತದಲ್ಲಿ ಉಳಿದ ನೈಟ್ರೋಜನ್ ಗುಳ್ಳೆ ಆಗಬಹುದು. ನಾವು ವಿಮಾನದಲ್ಲಿ ಹೋಗಲ್ಲ, ನಮಗೇನು ಅನ್ನಬೇಡಿ. ತುಂಗಭದ್ರಾ ಡ್ಯಾಮ್ ತುಂಬಿತು ಅಂದರೆ ಪೇಪರಿನಲ್ಲಿ 1633 ಅಡಿ ಅಂತ ಓದುತ್ತೀವಲ್ಲ, ಅದು ಸಮುದ್ರ ಮಟ್ಟದಿಂದ ಲೆಕ್ಕ. ನಮ್ಮ ಊರುಗಳೆಲ್ಲ ಆಸುಪಾಸು ಅಷ್ಟು ಎತ್ತರದಲ್ಲಿವೆ. ದಾರಿಯಲ್ಲಿ ಅರಬೈಲ್ ಘಾಟಿ ಹತ್ತಬೇಕು, 2,000 ಅಡಿ ಎತ್ತರದ ಹುಬ್ಬಳ್ಳಿ ದಾಟಬೇಕು. ಡ್ಯಾನ್ ಸಲಹೆ ಶುರುವಾಗುವುದೇ ಆ 2,000 ಅಡಿಯಿಂದ.

ಒಂದು ಸಣ್ಣ ಪರಿಚಯ ಡೈವ್‌ನಲ್ಲಿ ಕರಗುವ ನೈಟ್ರೋಜನ್ ಕಡಿಮೆಯೇ. ಆದರೂ ನಾನು ಆ ರಾತ್ರಿ ಕರಾವಳಿಯಲ್ಲೇ ಉಳಿಯುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಎರಡು ಡೈವ್ ಮಾಡಿದ್ದರಂತೂ ಉಳಿಯಲೇಬೇಕು. ಚೆನ್ನಾಗಿ ನೀರು ಕುಡಿಯಿರಿ, ಎಳನೀರು ಕುಡಿಯಿರಿ, ಅಂದು ಸಂಜೆಯೂ ಎಣ್ಣೆ ಬೇಡ. ಮರುದಿನ ತಿಂಡಿ ತಿಂದು ಆರಾಮಾಗಿ ಹೊರಡಿ.

ಕೀಲು ನೋವು, ಕೈಕಾಲು ಜೋಮು, ಚರ್ಮದ ಮೇಲೆ ಗಂಧೆ, ತಲೆಸುತ್ತು, ಎದೆನೋವು, ವಿಪರೀತ ಸುಸ್ತು: ಇಂಥವು ಡೈವ್ ಆದ ಕೆಲವೇ ಗಂಟೆಗಳಲ್ಲಿ, ಕೆಲವು ಸಲ ಒಂದು ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ದೋಣಿಯ ಸುಸ್ತು ಅಂತ ಮಲಗಿಬಿಡಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಗೆ ಹೋಗಿ, ಮೊದಲ ಮಾತಿಗೇ 'ನಿನ್ನೆ ಸ್ಕೂಬಾ ಡೈವ್ ಮಾಡಿದ್ದೆ' ಅಂತ ಹೇಳಿ. ನಮ್ಮ ಕಡೆಯ ಡಾಕ್ಟರುಗಳು ಇಂಥ ರೋಗಿಯನ್ನು ನೋಡುವುದು ಅಪರೂಪ, ನೀವು ಹೇಳದೆ ಅವರಿಗೆ ಹೊಳೆಯಲಿಕ್ಕಿಲ್ಲ. ತಕ್ಷಣ ಬೇಕಾದದ್ದು ಶುದ್ಧ ಆಕ್ಸಿಜನ್. ಮುಂದಿನ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ನಡೆಯುತ್ತದೆ, ಎಲ್ಲಿಗೆ ಕಳಿಸಬೇಕು ಅನ್ನುವುದಕ್ಕೆ ಡೈವ್ ಮಾಡಿಸಿದವರಿಗೂ ಫೋನ್ ಹಚ್ಚಿ.

ಅದಕ್ಕೇ ದೋಣಿಯಿಂದ ಇಳಿದ ಕೂಡಲೇ ನಾನು ಒಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಎಷ್ಟು ಡೈವ್, ಎಷ್ಟು ಆಳ, ಎಷ್ಟು ನಿಮಿಷ, ನೀರಿನಿಂದ ಮೇಲೆ ಬಂದದ್ದು ಎಷ್ಟು ಗಂಟೆಗೆ, ಡೈವ್ ಮಾಡಿಸಿದವರ ಫೋನ್ ನಂಬರ್. ಪಕ್ಕದ ಸೀಟಿನಲ್ಲಿ ಕೂತವರಿಗೂ ಚೀಟಿ ಎಲ್ಲಿದೆ ಅಂತ ಹೇಳಿರುತ್ತೇನೆ. ಊರು ಮುಟ್ಟಿ ಎರಡು ದಿನ ಆದ ಮೇಲೆ ಹರಿದು ಹಾಕುತ್ತೇನೆ.